ಹದಿನಾರನೇ ಅಂಕಿ ಸೊನ್ನೆಯಾದಾಗ

ನಮ್ಮೂರ ಹಾಲು ಸಂಘದಲ್ಲಿ ಬಟವಾಡೆ ಪಟ್ಟಿ ಮಾಡಿ ಬ್ಯಾಂಕಿಗೆ ಕಳಿಸುವುದು ನನ್ನ ಕೆಲಸ. ಎಲ್ಲ ಸದಸ್ಯರದ್ದೂ ಒಂದೇ ಶಾಖೆ, 16 ಅಂಕಿಯ ಖಾತೆ. ಒಮ್ಮೆ ಹೊಸದಾಗಿ 14 ಜನರನ್ನು ಎಕ್ಸೆಲ್ ಪಟ್ಟಿಗೆ ಸೇರಿಸಿದೆ. 13 ಜನರ ದುಡ್ಡು ವಾಪಸು ಬಂತು. ಮೇವು, ಹಿಂಡಿಗೆ ಆ ದುಡ್ಡನ್ನೇ ಕಾಯುವ ಮನೆಗಳು ಅವು. ನನಗೆ ಊಟ ಸೇರಲಿಲ್ಲ.

ಪಾಸ್‌ಬುಕ್ ಪಕ್ಕಕ್ಕಿಟ್ಟು ನೋಡಿದರೆ 7 ಇದ್ದಲ್ಲಿ 0, 3 ಇದ್ದಲ್ಲೂ 0. ಬಚಾವಾದ ಒಬ್ಬರ ಖಾತೆ ನಿಜಕ್ಕೂ 0ಯಲ್ಲೇ ಮುಗಿಯುತ್ತಿತ್ತು! ಎಕ್ಸೆಲ್ ಯಾವ ಸಂಖ್ಯೆಯಲ್ಲೂ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ, ಮುಂದಿನದ್ದೆಲ್ಲ ಸೊನ್ನೆ. ಟೈಪ್ ಮಾಡಿದ ಮೇಲೆ ಫಾರ್ಮ್ಯಾಟ್ ಬದಲಿಸಿದರೆ ಹೋದ ಅಂಕಿ ಮರಳುವುದಿಲ್ಲ. ಮೊದಲೇ ಇಡೀ ಕಾಲಂ ಆರಿಸಿ 'ಟೆಕ್ಸ್ಟ್' ಮಾಡಿಕೊಳ್ಳಬೇಕು. ಒಂದೆರಡೇ ಇದ್ದರೆ ಸಂಖ್ಯೆಯ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಸಾಕು.

ಒಂದು ಅಂಕಿ ಬಿಟ್ಟುಹೋಗುವ ತಪ್ಪಿಗೆ 'ಡೇಟಾ ವ್ಯಾಲಿಡೇಶನ್'ನಲ್ಲಿ ಉದ್ದ 16 ಎಂದು ನಿಯಮ ಹಾಕಿದೆ. ಹಳೆಯ ಸಾಲುಗಳಲ್ಲಿನ ತಪ್ಪನ್ನು ಆ ನಿಯಮ ತಾನಾಗಿ ಹೇಳುವುದಿಲ್ಲ. ಅದೇ ಬಟನ್ನಿನ ಕೆಳಗಿನ ಬಾಣ ಒತ್ತಿದರೆ 'ಸರ್ಕಲ್ ಇನ್‌ವ್ಯಾಲಿಡ್ ಡೇಟಾ' ಸಿಗುತ್ತದೆ. ತಪ್ಪಿದ ಕಡೆಯೆಲ್ಲ ಕೆಂಪು ಸುತ್ತು ಬೀಳುತ್ತದೆ. ಅಷ್ಟು ವರ್ಷ ಎಕ್ಸೆಲ್ ಬಳಸಿದರೂ ಆ ಬಾಣ ಒತ್ತಿರಲಿಲ್ಲ.

ಇನ್ನೊಂದು ಪೇಚು. ಅಪ್ಪ, ಮಗ ಒಂದೇ ದಿನ ಖಾತೆ ತೆರೆದಿದ್ದರು; ಕೊನೆಯ ಅಂಕಿ ಮಾತ್ರ ಬೇರೆ. ಒಂದೇ ಖಾತೆ ಎರಡು ಸಲ ಬಂದಿದೆಯೇ ಎಂದು ಎಣಿಸುವ 'ಕೌಂಟ್‌ಇಫ್' ಸೂತ್ರ ಹಾಕಿದರೆ ಇಬ್ಬರದ್ದೂ ಒಂದೇ ಎಂದಿತು. ಟೆಕ್ಸ್ಟ್ ಆಗಿದ್ದರೂ ಈ ಸೂತ್ರ ಅದನ್ನು ಸಂಖ್ಯೆಯಂತೆಯೇ ಓದುತ್ತದೆ. ಹುಡುಕುವ ಖಾತೆಯ ಬಾಲಕ್ಕೆ ಆಂಪರ್ಸಂಡ್ (&) ಹಾಕಿ, ಜೋಡಿ ಉದ್ಧರಣದೊಳಗೆ ನಕ್ಷತ್ರ ಚಿಹ್ನೆ ಸೇರಿಸಿದ ಮೇಲೆ ಸರಿಯಾಯಿತು.

ಕಡೆಯ ಪರೀಕ್ಷೆ ಮಾತ್ರ ಕಣ್ಣಿನದ್ದೇ. ಪಕ್ಕದ ಕಾಲಮ್ಮಿನ ಮೊದಲ ಸಾಲಿನಲ್ಲಿ ಖಾತೆಯ ಕೊನೆಯ ನಾಲ್ಕು ಅಂಕಿ ಬರೆದು, ಅದರ ಕೆಳಗಿನ ಮನೆಗೆ ಬಂದು ಕಂಟ್ರೋಲ್ ಜೊತೆ ಇ ಒತ್ತುತ್ತೇನೆ. ಉಳಿದದ್ದು ತಾನೇ ತುಂಬುತ್ತದೆ. 2013ರ ಆವೃತ್ತಿಯಿಂದ ಈ 'ಫ್ಲ್ಯಾಶ್ ಫಿಲ್' ಇದೆ. ಖಾತೆ ತಿದ್ದಿದರೆ ಇದು ತಾನಾಗಿ ಬದಲಾಗದು, ಮತ್ತೆ ತುಂಬಿಸಬೇಕು. ಬಟವಾಡೆಯ ಹಿಂದಿನ ದಿನ ಕಾರ್ಯದರ್ಶಿಗಳು ಪಾಸ್‌ಬುಕ್ ನಕಲು ಹಿಡಿದು ಆ ನಾಲ್ಕು ಅಂಕಿ ಓದುತ್ತಾರೆ, ನಾನು ಪರದೆ ನೋಡುತ್ತಾ ಹೂಂಗುಟ್ಟುತ್ತೇನೆ.