ಮೆಣಸಿನ ಸ್ಪರ್ಧೆ ಇಡುತ್ತೀರಾ? ಕೊಯ್ದಾಗೆಲ್ಲ ತೂಕ ಹಾಕಿ
ಟೆರೇಸಿನಲ್ಲಿ ಮೆಣಸು ಬೆಳೆಯುವ ಸ್ಪರ್ಧೆ ಇಡುವವರು ಕೊನೆಯ ದಿನ ಗಿಡದಲ್ಲಿರುವ ಕಾಯಿ ಎಣಿಸಬೇಡಿ. ಕೊಯ್ದಾಗೆಲ್ಲ ಬೆಳೆದವರೇ ತೂಕ ಹಾಕಿ, ತಕ್ಕಡಿಯ ಅಂಕಿ ಕಾಣುವ ಹಾಗೆ ಫೋಟೋ ತೆಗೆದು ಗ್ರೂಪಿಗೆ ಹಾಕಲಿ, ಕೊನೆಗೆ ಎಲ್ಲ ಕೂಡಿಸಿ. ಎಣಿಕೆ ಅಂದರೆ ಎಲ್ಲರೂ ಕಾಯಿ ಕೊಯ್ಯದೆ ಬಿಡುತ್ತಾರೆ, ಅಲ್ವಾ? ಆಗ ಗಿಡದ ಶಕ್ತಿ ಬೀಜ ಬಲಿಸುವುದಕ್ಕೇ ಹೋಗಿ ಹೊಸ ಹೂ ಕಡಿಮೆಯಾಗುತ್ತದೆ. ಹಸಿರಿರುವಾಗಲೇ ತೊಟ್ಟಿನ ಸಮೇತ ಕೊಯ್ಯುತ್ತಾ ಬನ್ನಿ, ಕವಲಿನ ಸಂದಿಯಲ್ಲಿ ಮತ್ತೆ ಪುಟ್ಟ ಬಿಳಿ ಮೊಗ್ಗು ಇಣುಕುತ್ತದೆ. ಮನೆಯ ಚಟ್ನಿಗೂ ಕಾಯಿ ಸಿಗುತ್ತದೆ, ಅದು ಬೇರೆ ಸಂತೋಷ. ಬೀಜ ಹಂಚುವುದು ಬೇಡ, ಒಂದೇ ಟ್ರೇಯಲ್ಲಿ ಎಬ್ಬಿಸಿದ ಸಸಿ ಕೊಡಿ. ಯಾಕೆಂದರೆ ಒಬ್ಬರ ಬೀಜ ವಾರದಲ್ಲಿ ಮೊಳೆತರೆ ಇನ್ನೊಬ್ಬರದ್ದು ಎರಡು ವಾರವಾದರೂ ಏಳುವುದಿಲ್ಲ. ಒಬ್ಬರಿಗೆ ಎರಡು ಸಸಿ ಇರಲಿ, ಎಲೆ ಮುರುಟಿ ಒಂದು ಹಾಳಾದರೂ ಆಟ ನಿಲ್ಲುವುದಿಲ್ಲ. ಗಿಡ ನೆಡುವ ಚೀಲ, ಅಂದರೆ ಗ್ರೋಬ್ಯಾಗ್ ಕೂಡ ಒಂದೇ ಅಳತೆಯದ್ದು. ನಮ್ಮ ಮಂಗಳೂರಿನ ಜೂನ್, ಜುಲೈ ಮಳೆಗೆ ಬೇರು ಕೊಳೆಯುವುದು ಜಾಸ್ತಿ. ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ, ನವೆಂಬರ್ ಆರಂಭಕ್ಕೆ ಸಸಿ ಹಂಚಿದರೆ ಜನವರಿಗೆ ಕೊಯ್ಲು ಶುರು. ಬೇರೆ ಬೇರೆ ತಳಿ ಕಲಸಿದರೆ ಮಾತ್ರ ಈ ತೂಕದ ಲೆಕ್ಕ ಕೆಡುತ್ತದೆ. ದೊಡ್ಡ ಕಾಯಿಯ ಹರೇಕಳ ಮೆಣಸಿನ ಎದುರು ಪುಟ್ಟ ಕಾಯಿಯ ಗಾಂಧಾರಿ ಮೆಣಸು ತೂಗಿದರೆ ಪಾಪ, ಗಾಂಧಾರಿ ಬೆಳೆದವರಿಗೆ ಅನ್ಯಾಯ. ಒಂದು ಕಾಯಿ ಒಂದು ಗ್ರಾಮೂ ತೂಗುವುದಿಲ್ಲ. ಅವರದ್ದು ಬೇರೆ ಗುಂಪು ಮಾಡಿ, ಅಲ್ಲಿ ಕೊಯ್ದ ಕಾಯಿಯ ಎಣಿಕೆ ಇಟ್ಟುಕೊಳ್ಳಿ.