ಹದಿನಾಲ್ಕು ಬೇಡಿಕೆ ಬಿಟ್ಟು ಒಂದೇ ಪ್ರಶ್ನೆ ಹಿಡಿದು ಬೆಳಗಾವಿಗೆ

ವಿದ್ಯಾರ್ಥಿಗಳನ್ನು ಬೆಳಗಾವಿಯ ವಿಧಾನಮಂಡಲ ಅಧಿವೇಶನಕ್ಕೆ ಕರೆದುಕೊಂಡು ಹೋಗಿ ಹಕ್ಕೊತ್ತಾಯ ಮಂಡಿಸುವುದೆಂದರೆ ಕಾಲೇಜು ಪ್ರವಾಸಕ್ಕೆ ಇಟ್ಟ ಇನ್ನೊಂದು ಹೆಸರು ಎಂದು ದಾವಣಗೆರೆಯ ನನ್ನ ಸಹೋದ್ಯೋಗಿಗಳು ಹೇಳುತ್ತಿದ್ದರು. ಎರಡು ವರ್ಷ ಅವರ ಮಾತೇ ನಿಜವಾಯಿತು. ಮೂರನೆಯ ವರ್ಷ ನಮ್ಮ ವಿದ್ಯಾರ್ಥಿಗಳ ಪ್ರಶ್ನೆಗೆ ಸದನದಲ್ಲಿ ಲಿಖಿತ ಉತ್ತರ ಬಂದಿತು.

ಮೊದಲ ಸಲ 42 ವಿದ್ಯಾರ್ಥಿಗಳಿದ್ದರು. ಬಾಡಿಗೆ ಬಸ್ಸು, ಊಟ, ಬ್ಯಾನರ್ ಸೇರಿ ಸುಮಾರು 48,000 ರೂಪಾಯಿ ಖರ್ಚಾಯಿತು. ಡಿಸೆಂಬರ್ 10, ಮಾನವ ಹಕ್ಕುಗಳ ದಿನವನ್ನೇ ಆರಿಸಿಕೊಂಡದ್ದು ನನ್ನ ತಪ್ಪು. ಸುವರ್ಣ ವಿಧಾನಸೌಧದ ಸುತ್ತ ಅಷ್ಟೊಂದು ಸಂಘಟನೆಗಳು ಸೇರಿದ್ದ ಆ ದಿನ ನಮ್ಮ ದನಿ ಯಾರಿಗೂ ಕೇಳಿಸಲಿಲ್ಲ. ಮನವಿಯಲ್ಲಿ 14 ಬೇಡಿಕೆಗಳಿದ್ದವು. ಶಾಸಕರೊಬ್ಬರು ಅದನ್ನು ಪಡೆದು, ಫೋಟೊ ತೆಗೆಸಿಕೊಂಡು, ಓದದೆಯೇ ಸಹಾಯಕರ ಕೈಗಿತ್ತರು. ಮರುವರ್ಷ ಬೇಡಿಕೆಗಳನ್ನು ಐದಕ್ಕೆ ಇಳಿಸಿದೆ. ಆದರೆ ಗ್ಯಾಲರಿ ಪಾಸಿನ ಬಗ್ಗೆ ಬಾಯಿಮಾತಿನ ಭರವಸೆಯನ್ನು ನಂಬಿ ಹೊರಟೆವು; ಗೇಟಿನ ಹೊರಗೆ ಆರು ಗಂಟೆ ನಿಂತು ಹಿಂದಿರುಗಿದೆವು. ಆ ಸಲದ ಖರ್ಚಿನಲ್ಲಿ ಒಂಬತ್ತು ಸಾವಿರದಷ್ಟು ನನ್ನ ಸಂಬಳದಿಂದಲೇ ಹೋಯಿತು.

ಮೂರನೆಯ ವರ್ಷ ಒಂದೇ ವಿಷಯ ಹಿಡಿದೆವು: ಮಳೆ ಕೈಕೊಟ್ಟಾಗ ಜಗಳೂರು, ಮೊಳಕಾಲ್ಮುರು ಕಡೆಯಿಂದ ಗುಳೆ ಹೋಗುವವರ ಮಕ್ಕಳ ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಕೊಟ್ಟಿರುವ ಹಕ್ಕು, ತಂದೆ ತಾಯಿ ಕಾಫಿ ತೋಟದ ಕೆಲಸಕ್ಕೆ ಗಂಟುಮೂಟೆ ಕಟ್ಟಿದ ದಿನ ಊರಿನ ಹಾಜರಿ ಪುಸ್ತಕದಲ್ಲೇ ಉಳಿದುಬಿಡುತ್ತದೆ. ಈ ಸಲ ಕರೆದುಕೊಂಡು ಹೋದದ್ದು ಒಂಬತ್ತು ಮಂದಿಯನ್ನು ಮಾತ್ರ, ಎಲ್ಲರೂ ಗುಳೆ ಹೋಗುವ ಮನೆಗಳಿಂದಲೇ ಬಂದವರು. ದೀಪಾವಳಿಯ ಹೊತ್ತಿಗೆ ಅವರು ನಾಲ್ಕು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಎಣಿಸಿದಾಗ, ಶಾಲೆ ಬಿಟ್ಟು ಹೊರಟ ಅಥವಾ ಹೊರಡಲಿದ್ದ 63 ಮಕ್ಕಳು ಸಿಕ್ಕರು.

ಸದನದಲ್ಲಿ ಪ್ರಶ್ನೆ ಕೇಳಲು ಸದಸ್ಯರು ಮುಂಚಿತವಾಗಿ ಸೂಚನೆ ಕೊಡಬೇಕಾಗಿರುವುದರಿಂದ, ಅಧಿವೇಶನದ ದಿನ ಮನವಿ ಕೊಟ್ಟರೆ ಕಾಲ ಮಿಂಚಿರುತ್ತದೆ. ಆದ್ದರಿಂದ ನಿಜವಾದ ಭೇಟಿಗಳನ್ನು ನವೆಂಬರಿನಲ್ಲೇ, ಸದಸ್ಯರ ಊರಿನ ಮನೆಗಳಲ್ಲಿ, ಬೆಳಿಗ್ಗೆ ಏಳಕ್ಕೇ ಮುಗಿಸಿದೆವು. ಎಲ್ಲರೂ ವಿಧಾನಸಭೆಯವರ ಹಿಂದೆ ಬೀಳುತ್ತಾರೆ. ನಾನು ವಿಧಾನ ಪರಿಷತ್ತಿನ ಶಿಕ್ಷಕರ ಹಾಗೂ ಪದವೀಧರರ ಕ್ಷೇತ್ರಗಳ ಸದಸ್ಯರನ್ನೂ ಹಿಡಿದೆ, ಏಕೆಂದರೆ ನಮ್ಮಂಥ ಅಧ್ಯಾಪಕರೇ ಅವರ ಮತದಾರರು. ಮನವಿ ಕೊಡುವ ಬದಲು, ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಕೊಡುವ, ಪ್ರಶ್ನೆಯ ನಮೂನೆಯಲ್ಲಿ ನಾಲ್ಕು ಸಾಲು ಬರೆದೇ ಕೈಗಿತ್ತೆವು. ಆಪ್ತ ಸಹಾಯಕರ ಬಳಿ ಆ ಹಾಳೆ ಕಡತದಲ್ಲಿ ಮುಚ್ಚಿಹೋಗದಂತೆ ಮಾಡಿದ್ದು ಹೇಗೆ ಎಂಬುದನ್ನು ಇಲ್ಲಿ ಹೇಳಲಾರೆ. ಎಲ್ಲರೂ ಹಾಗೆಯೇ ಮಾಡತೊಡಗಿದರೆ ಆ ದಾರಿ ಮುಚ್ಚುತ್ತದೆ.

ನಡುವೆ 200 ಅಂಚೆ ಕಾರ್ಡುಗಳನ್ನೂ ಬರೆಸಿ ನೋಡಿದೆ, ಒಂದಕ್ಕೂ ಮಾರುತ್ತರ ಬರಲಿಲ್ಲ. ಅಣಕು ಅಧಿವೇಶನ ನಡೆಸಿದಾಗ ಮಕ್ಕಳು ಭಾಷಣ ಕಲಿತರೇ ಹೊರತು ಕೇಳುವುದನ್ನು ಕಲಿಯಲಿಲ್ಲ. ಫಲ ಕೊಟ್ಟದ್ದು ನಡೆಯುತ್ತಾ ಮಾತನಾಡುವ ಅಭ್ಯಾಸ. ಮೊಗಸಾಲೆಯಲ್ಲಿ ಸದಸ್ಯರು ನಿಲ್ಲುವುದಿಲ್ಲ. ಆದ್ದರಿಂದ ಕಾಲೇಜಿನ ವರಾಂಡದಲ್ಲಿ ನಾನು ಬಿರುಸಾಗಿ ನಡೆಯುತ್ತಿದ್ದೆ, ಒಬ್ಬೊಬ್ಬರೂ ನನ್ನ ಜೊತೆ ಹೆಜ್ಜೆ ಹಾಕುತ್ತಾ 40 ಸೆಕೆಂಡಿನಲ್ಲಿ ತಮ್ಮ ಮನೆಯ ಸಂಗತಿಯನ್ನು ಹೇಳಿ ಮುಗಿಸಬೇಕಿತ್ತು. ಬೆಳಗಾವಿಯಲ್ಲಿ ಒಬ್ಬ ಹುಡುಗಿ ಹಾಗೆ ಹೇಳುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನಿಂತುಬಿಟ್ಟರು, ಕಾಲು ಗಂಟೆ ಕೇಳಿದರು.

ಶಕ್ತಿ ಯೋಜನೆಯಿಂದಾಗಿ ಆರು ಹುಡುಗಿಯರಿಗೆ ಟಿಕೆಟ್ ಖರ್ಚಿರಲಿಲ್ಲ. ಮೂವರು ಹುಡುಗರು ಮತ್ತು ನನ್ನ ಬಸ್ ಚಾರ್ಜು, ಒಂದು ರಾತ್ರಿಯ ವಸತಿ, ಊಟ ಸೇರಿ ಆರೂವರೆ ಸಾವಿರ ದಾಟಲಿಲ್ಲ. ದಾರಿಯ ತಿಂಡಿಗೆ ಇಲ್ಲಿಂದಲೇ ಒಂದು ಚೀಲ ಮಂಡಕ್ಕಿ ಒಯ್ದಿದ್ದೆವು. ಹುಬ್ಬಳ್ಳಿ ಕಡೆಯಿಂದ ಹೋಗುವವರಿಗೆ ನಗರ ತಲುಪುವ ಮೊದಲೇ ಹೆದ್ದಾರಿ ಪಕ್ಕದಲ್ಲಿ ಸೌಧ ಸಿಗುತ್ತದೆ. ಊರೊಳಗೆ ಹೋಗಿ ಆಟೋಗೆ ಹಣ ಸುರಿಯಬೇಕಾಗಿಲ್ಲ.

ಸದನದಲ್ಲಿ ಬಂದ ಲಿಖಿತ ಉತ್ತರದಲ್ಲಿ ಇಡೀ ತಾಲ್ಲೂಕಿಗೆ ತೋರಿಸಿದ್ದ ಅಂಥ ಮಕ್ಕಳ ಸಂಖ್ಯೆ, ನಾಲ್ಕೇ ಹಳ್ಳಿಗಳಲ್ಲಿ ನಮ್ಮ ವಿದ್ಯಾರ್ಥಿಗಳು ಎಣಿಸಿದ್ದಕ್ಕಿಂತ ಕಡಿಮೆ ಇತ್ತು. ಆ ಒಂಬತ್ತು ಮಂದಿಯೂ ಈಗ ಹನ್ನೊಂದು ಹಳ್ಳಿಗಳ ಎಣಿಕೆಯಲ್ಲಿ ತೊಡಗಿದ್ದಾರೆ.