ಎರಡನೇ ಹೋಟೆಲಿಗೆ ಅದೇ ರುಚಿ: ತಕ್ಕಡಿಯಿಂದ ಫ್ರಾಂಚೈಸಿವರೆಗೆ

ಒಂದು ಹೋಟೆಲು ಅಡುಗೆಯವರ ಕೈಗುಣದ ಮೇಲೆ ನಡೆದುಬಿಡುತ್ತದೆ. ಎರಡನೆಯದು ನಡೆಯುವುದಿಲ್ಲ. ಹಾಗಾಗಿ ಹೊಸ ಬ್ರಾಂಚಿಗೆ ಜಾಗ ಹುಡುಕುವ ಮೊದಲು ನಾನು ಮಾಡುವ ಕೆಲಸ ತೂಗುವುದು. ಅಡುಗೆಯವರು ಎಂದಿನಂತೆ ಕಣ್ಣಳತೆಯಲ್ಲೇ ಹಾಕಲಿ, ತಡೆಯಬೇಡಿ. ಡಬ್ಬಿಯನ್ನು ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ತೂಗಿದರೆ ಸಾಕು, ವ್ಯತ್ಯಾಸವೇ ಅಳತೆ. ಹತ್ತು ಸಲ ಬರೆದುಕೊಂಡು, ಚೆನ್ನಾಗಿ ಬಂದ ದಿನಗಳ ಸರಾಸರಿ ಹಿಡಿಯುತ್ತೇನೆ. ಚಮಚದ ಲೆಕ್ಕ ಬೇಡವೇ ಬೇಡ. ಹರಳುಪ್ಪೂ ಪುಡಿ ಉಪ್ಪೂ ಒಂದು ಚಮಚದಲ್ಲಿ ಒಂದೇ ತೂಗುವುದಿಲ್ಲ.

ಹತ್ತು ಪಟ್ಟು ಮಾಡುವಾಗ ಎಡವುವುದು ನೀರಿನಲ್ಲಿ. ದೊಡ್ಡ ಪಾತ್ರೆಯಲ್ಲಿ ಪದಾರ್ಥದ ಪ್ರಮಾಣಕ್ಕೆ ಹೋಲಿಸಿದರೆ ಬಾಯಿ ಚಿಕ್ಕದು, ಆವಿಯಾಗುವುದು ಕಡಿಮೆ. ನೀರನ್ನೂ ಹತ್ತು ಪಟ್ಟು ಹೊಯ್ದರೆ ತೆಳ್ಳಗಾಗುತ್ತದೆ. ಎಂಟು ಪಟ್ಟಿನಿಂದ ಶುರು ಮಾಡಿ, ಇಳಿಸಿದ ಮೇಲಿನ ಒಟ್ಟು ತೂಕ ನೋಡಿ ಸರಿಪಡಿಸಿ.

ಸೆಂಟ್ರಲ್ ಕಿಚನ್‌ನಲ್ಲಿ, ಅಂದರೆ ಎಲ್ಲ ಬ್ರಾಂಚಿಗೂ ಒಂದೇ ಅಡುಗೆಮನೆಯಲ್ಲಿ, ಮಾಡಿ ಕಳಿಸುವುದಾದರೆ ಕುದಿಸುವುದಕ್ಕಿಂತ ಆರಿಸುವುದೇ ಕಷ್ಟ. 57 ಡಿಗ್ರಿಯಿಂದ 21ಕ್ಕೆ 2 ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮತ್ತೆ 4 ಗಂಟೆಯೊಳಗೆ ಇಳಿಯಬೇಕು. ಬಿಸಿ ಹಂಡೆಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿದರೆ ನಡುಭಾಗ ರಾತ್ರಿಯಿಡೀ ಬೆಚ್ಚಗೇ ಉಳಿದು ಹಳಸುತ್ತದೆ, ಪಕ್ಕದಲ್ಲಿದ್ದದ್ದೂ ಬಿಸಿಯಾಗುತ್ತದೆ. 5 ಸೆಂಟಿಮೀಟರ್ ಆಳದ ಟ್ರೇಗಳಿಗೆ ಹರಡಿ, ಥರ್ಮಾಮೀಟರನ್ನು ನಡುವೆ ಚುಚ್ಚಿ ನೋಡಿ.

ಫ್ರಾಂಚೈಸಿ, ಅಂದರೆ ನಮ್ಮ ರುಚಿಯನ್ನು ಬೇರೆಯವರು ಮಾರುವ ಹಕ್ಕು, ಕೊಡುವಾಗ ನನ್ನ ಪದ್ಧತಿ ಹಳೆಯದೇ: ಮಸಾಲೆ ಪುಡಿಯನ್ನು ನಾವೇ ಬೆರೆಸಿ ಕಳಿಸುವುದು. 1952ರಲ್ಲಿ ಕೆಎಫ್‌ಸಿ ಸ್ಥಾಪಕ ಹಾರ್ಲೆಂಡ್ ಸ್ಯಾಂಡರ್ಸ್ ತಮ್ಮ ಕರಿದ ಕೋಳಿಯ ಮೊದಲ ಫ್ರಾಂಚೈಸಿಯನ್ನು ಸಾಲ್ಟ್ ಲೇಕ್ ಸಿಟಿಯ ಪೀಟ್ ಹಾರ್ಮನ್‌ಗೆ ಕೊಟ್ಟರು. ಆ ವ್ಯವಸ್ಥೆಯಲ್ಲಿ ಹಣ ಮಾರಿದ ಕೋಳಿಯ ಲೆಕ್ಕದಲ್ಲಿ, ಮಸಾಲೆ ಬೆರೆಸಿಯೇ ರವಾನೆ. ಗುಟ್ಟು ಉಳಿಯಿತು ಎನ್ನುವುದು ಎಲ್ಲರೂ ಹೇಳುವ ಮಾತು. ನನ್ನ ಪ್ರಕಾರ ದೊಡ್ಡ ಲಾಭ ಬೇರೆ: ಪುಡಿಯ ಪ್ಯಾಕೆಟ್ಟೇ ಲೆಕ್ಕದ ಪುಸ್ತಕವಾಗುತ್ತದೆ.

ರಾಯಲ್ಟಿಯನ್ನು, ಅಂದರೆ ಫ್ರಾಂಚೈಸಿ ಪಡೆದವರು ನಿಮಗೆ ಕೊಡುವ ಪಾಲನ್ನು, ಲಾಭದ ಮೇಲೆ ಇಡಬೇಡಿ, ಕಾಗದದಲ್ಲಿ ಲಾಭವನ್ನು ಕರಗಿಸುವುದು ಸುಲಭ. ಮಾರಾಟದ ಮೇಲಿಡಿ. ಆದರೆ ನೀವು ಬದುಕುವಷ್ಟು ಇಡಿ. 1955ರಿಂದ ರೇ ಕ್ರಾಕ್ ಮೆಕ್‌ಡೊನಾಲ್ಡ್ಸ್ ಫ್ರಾಂಚೈಸಿಗಳಿಂದ ಮಾರಾಟದ ಶೇ 1.9 ಪಡೆದು, ಅದರಲ್ಲಿ ಮಾರಾಟದ ಶೇ 0.5ರಷ್ಟನ್ನು ಮೂಲ ಹೋಟೆಲಿನ ಮಾಲೀಕರಾದ ಮೆಕ್‌ಡೊನಾಲ್ಡ್ ಸಹೋದರರಿಗೆ ಕೊಡಬೇಕಿತ್ತು. ಉಳಿದದ್ದು ಸಾಲದೆ, ಜಾಗ ಹಿಡಿದು ಫ್ರಾಂಚೈಸಿಗೇ ಬಾಡಿಗೆಗೆ ಕೊಡುವ ದಾರಿಗೆ ಅವರ ಕಂಪನಿ ಇಳಿಯಿತು.

ಲೆಕ್ಕ ತಾಳೆ ನೋಡುವುದು ಹೀಗೆ. ಒಂದು ಪ್ಲೇಟಿಗೆ 10 ಗ್ರಾಂ ಪುಡಿಯಾದರೆ ಒಂದು ಕಿಲೋಗೆ 100 ಪ್ಲೇಟು. ತಿಂಗಳಲ್ಲಿ 40 ಕಿಲೋ ಖರ್ಚಾಗಿ ಬಿಲ್ಲಿನಲ್ಲಿ 3,100 ಪ್ಲೇಟು ಮಾತ್ರ ಇದ್ದರೆ, ಒಂದೋ ಮಾರಾಟ ಮುಚ್ಚಿಟ್ಟಿದ್ದಾರೆ, ಇಲ್ಲವೇ ಸೌಟು ದೊಡ್ಡದಾಗಿದೆ. ಬಾಯಿಗೆ ಬಂದಂತೆ ಅನ್ನುವ ಮೊದಲು ಸೌಟು ತೂಗಿ ನೋಡಿ. ಉಳಿದ ದಾಸ್ತಾನು ಎಣಿಸದೆ, ತರಿಸಿದ್ದನ್ನೇ ಖರ್ಚು ಎಂದು ಹಿಡಿಯುವ ತಪ್ಪೂ ಆಗುತ್ತದೆ. ತಿರುವುಮುರುವಾಗಿ, 40 ಕಿಲೋಗೆ 5,000 ಪ್ಲೇಟು ಮಾರಿದ್ದಾರೆ ಎಂದರೆ ಖುಷಿಪಡಬೇಡಿ. ಹೊರಗಿನ ಪುಡಿ ಒಳಗೆ ಬಂದಿರುತ್ತದೆ, ಅಥವಾ ಪ್ಲೇಟಿಗೆ 8 ಗ್ರಾಂ ಮಾತ್ರ ಬೀಳುತ್ತಿರುತ್ತದೆ.